ಹುಲ್ಲಿನ ಮೇಲೆ ಗಣ್ಯರು

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತವನಿಗೆ ಏಳಬೇಕೆಂಬುದೇ ನೆನಪಾಗುವುದಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಹಿಡಿದು ಕುಳಿತ ನಾನು, ಒಲೆಯ ಮೇಲಿನ ಹಾಲು ಉಕ್ಕಿ ಹರಿದು ಹೆಂಡತಿಯ ಸಹಸ್ರನಾಮಾರ್ಚನೆ ಆರಂಭವಾಗುವವರೆಗೂ ಅಲ್ಲೇ ಪ್ರತಿಷ್ಠಾಪಿತನಾಗಿದ್ದೆ. ಸಭೆಗಳ ದೀರ್ಘ ಭಾಷಣಗಳಿಗೂ ಈ ಕುರ್ಚಿಗಳಿಗೂ ಏನೋ ಗುಪ್ತ ಸಂಬಂಧವಿದೆಯೆಂಬ ನನ್ನ ಶಂಕೆ, ನೀವು ನಗದಿದ್ದರೆ ಹೇಳುತ್ತೇನೆ, ಈ ಸಲದ ನಮ್ಮೂರ ಸಂಸ್ಕೃತಿ ಉತ್ಸವದಲ್ಲಿ ಸಿದ್ಧಾಂತವೇ ಆಗಿಬಿಟ್ಟಿತು.

ನಮ್ಮೂರು ಸೋಸಲೆ. ಹೈಸ್ಕೂಲಿನಲ್ಲಿ ಚಿತ್ರ ಬರೆಯಲು ಕಲಿಸಿ ನಿವೃತ್ತನಾದವನಿಗೆ ವೇದಿಕೆ ಕಟ್ಟಲೂ ಬರುತ್ತದೆಂದು ಊರವರು ನಂಬಿದ್ದರಿಂದ, ಆ ನಂಬಿಕೆಯನ್ನು ಕೆಡಿಸುವಷ್ಟು ವಿನಯ ನನ್ನಲ್ಲಿ ಇಲ್ಲದ್ದರಿಂದ, ಕೆಲಸ ನನ್ನ ಪಾಲಿಗೆ ಬಂತು. ಫ್ಲೆಕ್ಸ್ ಬೇಡ, ಥರ್ಮೋಕೋಲ್ ಬೇಡ, ಕುರ್ಚಿಯೂ ಬೇಡ. ಎಲ್ಲವೂ ಊರಿನಿಂದ ಬಂದು ಊರಿಗೇ ಮರಳಬೇಕೆಂದು ಘೋಷಿಸಿದೆ. ಬಿದಿರಿನ ಕಂಬ, ತೆಂಗಿನ ಗರಿಯ ಚಪ್ಪರ ಸುಲಭವಾಗಿ ಒದಗಿದವು. ಕೊಯ್ಲಾದ ಗದ್ದೆಯಲ್ಲಿ ಯಂತ್ರ ಕಟ್ಟಿಹಾಕಿದ್ದ ಚೌಕದ ಹುಲ್ಲಿನ ಪೆಂಡಿಗಳನ್ನು ಕಂಡದ್ದೇ, ಒತ್ತಾಗಿ ಜೋಡಿಸಿ ಹಲಗೆ ಹಾಸಿದರೆ ವೇದಿಕೆ, ಹಿಂದೊಂದು ಸಾಲು ಇಟ್ಟರೆ ಗಣ್ಯರಿಗೆ ಆಸನ ಎಂದು ಹಿಗ್ಗಿದೆ.

ಹುಲ್ಲು ಪುಟ್ಟಮ್ಮನವರದು. ನಾಟಿ ಹಾಕುವ ಹೆಂಗಸರ ಸೋಬಾನೆ ತಂಡಕ್ಕೆ ಅವರೇ ಮುಂದಾಳು. ಕೊಡಲು ಒಪ್ಪಿದರಾದರೂ ಮುಖ ಬಿಗಿದುಕೊಂಡೇ ಇತ್ತು.

"ಓದ್ ವರ್ಸ ನಮ್ ಸರದಿ ಬರೋ ಒತ್ಗೆ ಮೈಕೇ ಬಿಚ್ಕೊಂಡೋದ್ರು ಮೇಷ್ಟ್ರೆ. ಈ ಸಲಾನೂ ಅಂಗೇ ಆದ್ರೆ ನಮ್ಮೆಂಗಸ್ರು ಇನ್ಮೇಕೆ ಆಡಾಕೇ ಬರಾಕಿಲ್ಲ" ಎಂದರು.

ಹಾಡನ್ನೇ ಬಿಟ್ಟುಬಿಡುತ್ತಾರಲ್ಲ ಎಂದು ನನಗೆ ಸಂಕಟವಾಯಿತು. ಆದರೂ ಮಾತು ಕೊಡುವ ಧೈರ್ಯ ಬರಲಿಲ್ಲ; ಹಲಗೆ ತಾಳುವ ಭಾರವನ್ನು ಹೇಗೋ ಅಂದಾಜು ಮಾಡಬಹುದು, ಭಾಷಣದ ಭಾರವನ್ನು ಮಾಡುವುದು ಹೇಗೆ?

ಉತ್ಸವದ ಸಂಜೆ ನಂಜನಗೂಡಿನಿಂದಲೂ ನರಸೀಪುರದಿಂದಲೂ ಬಂದ ಗಣ್ಯರು ಶುಭ್ರ ಪಂಚೆಗಳಲ್ಲಿ ಹುಲ್ಲಿನ ಮೇಲೆ ವಿರಾಜಮಾನರಾದರು. ಪೆಂಡಿಗಳ ಮೇಲೆ ಜಮಖಾನ ಹಾಸಬೇಕೆಂಬ ಅಲ್ಪ ಸಂಗತಿ ವಿನ್ಯಾಸಕಾರನಿಗೆ ಮರೆತುಹೋಗಿತ್ತು. ಅಧ್ಯಕ್ಷರು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಆಮೇಲೆ ಘನತೆಯನ್ನು ಬದಿಗಿಟ್ಟು ಕೆರೆದುಕೊಂಡೇಬಿಟ್ಟರು. ಮೊದಲ ಭಾಷಣಕಾರರು ಮಾತ್ರ ಎದ್ದು ನಿಂತ ಸುಖಕ್ಕೆ ನಾಡಿನ ಇತಿಹಾಸವನ್ನು ಆದಿಯಿಂದ ಶುರುಮಾಡಿದರು. ಕುಳಿತವರು ಬಿಡಬೇಕಲ್ಲ! ಹಿಂದಿನಿಂದ ಗಂಟಲು ಸರಿಮಾಡಿಕೊಂಡು ಅವರನ್ನು ನಿಲ್ಲಿಸಿದರು. ಒಬ್ಬೊಬ್ಬರಾಗಿ ಎದ್ದು, "ಅವರು ಹೇಳಿದ್ದೇ ನನ್ನ ಮಾತೂ" ಎಂದು ಕೈಮುಗಿದು ಕೆಳಗಿಳಿದರು.

ಇನ್ನೂ ಬೆಳಕಿತ್ತು. ಮೈಕೂ ಇತ್ತು. ಪುಟ್ಟಮ್ಮನ ತಂಡ ಅದೇ ಪೆಂಡಿಗಳ ಮೇಲೆ ಸೆರಗು ಸುತ್ತಿಕೊಂಡು ನಿರಾಳವಾಗಿ ಕುಳಿತಿತು. ಹುಲ್ಲು ಅವರಿಗೇನು ಹೊಸದೇ? ಕಲಿತದ್ದನ್ನೆಲ್ಲ ಹಾಡಿದರು, ಮರೆತದ್ದನ್ನು ಒಬ್ಬರಿಗೊಬ್ಬರು ನೆನಪಿಸಿ ಹಾಡಿದರು. ಕೆಳಗೆ ಕುಳಿತ ಅಧ್ಯಕ್ಷರೂ ತಾಳ ಹಾಕುತ್ತಿದ್ದರು. ಚಪ್ಪರದ ಕಂಬಕ್ಕೊರಗಿ ನಾನೂ ತಾಳ ಹಾಕಿದೆ.

ಮರುದಿನ ವೇದಿಕೆ ಬಿಚ್ಚಿ, ಹುಲ್ಲನ್ನು ಪುಟ್ಟಮ್ಮನ ಕೊಟ್ಟಿಗೆಗೆ ತಲುಪಿಸಿದೆವು. ಅವರ ಹಸು ಅಧ್ಯಕ್ಷಪೀಠಕ್ಕೆ ನೇರವಾಗಿ ಬಾಯಿ ಹಾಕಿತು.

"ಬರೋ ವರ್ಸಾನೂ ಇದ್ನೇ ಆಕಿ ಮೇಷ್ಟ್ರೆ. ನಮ್ತಾವ ಇನ್ನೂ ಬೇಕಾದಷ್ಟು ಆಡ್ಗೊಳವೆ" ಎಂದ ಪುಟ್ಟಮ್ಮ, ನೆನಪಿಗಿರಲೆಂದು ಒಂದು ಪೆಂಡಿಯನ್ನು ನನಗೇ ಬಿಟ್ಟುಕೊಟ್ಟರು.

ಈಗ ನಮ್ಮ ಜಗಲಿಯಲ್ಲಿ ಕುರ್ಚಿಯ ಜಾಗದಲ್ಲಿ ಅದೇ ಇದೆ. ಪೇಪರಿನ ಮೊದಲ ಪುಟ ಮುಗಿಯುವುದರೊಳಗೆ ನವೆ ಹತ್ತಿ ಎದ್ದುಬಿಡುತ್ತೇನೆ. ಎದ್ದವನು ಸೋಬಾನೆಯ ಸಾಲೊಂದನ್ನು ಗುನುಗುತ್ತ ಒಳಗೆ ಹೋಗಿ, ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ.