ಆರು ತಿಂಗಳು ಹೊಡೆದು ಮೂರು ವರ್ಷ

ಆಡಿಟರಿಗೆ ಐವತ್ನಾಲ್ಕು ವರ್ಷ. ಅದರಲ್ಲಿ ಇಪ್ಪತ್ತೆಂಟು ವರ್ಷ ಊರವರ ಕಾಗದ ಓದಿಯೇ ಕಳೆದಿತ್ತು. ಸರಿ ಕಂಡದ್ದಕ್ಕೆ ಹಸಿರು ಪೆನ್ನಿನಲ್ಲಿ ಒಂದು ಗೀಟು, ಕಾಣದ್ದಕ್ಕೆ ಪಕ್ಕದಲ್ಲೊಂದು ಪ್ರಶ್ನೆ. ತಾನು ನೋಡದ ಕಾಗದಕ್ಕೆ ಸೈ ಹಾಕು ಅಂತ ದೇವರೇ ಬಂದು ಕೇಳಿದರೂ ಕುರ್ಚಿ ತೋರಿಸಿ, "ಕೂತಿರಿ, ಫೈಲು ಬರ್ಲಿ" ಅನ್ನುವ ಆಸಾಮಿ.

ಸರ್ಕಾರದ ಬಜೆಟ್ ಪುಸ್ತಕವನ್ನು ಮಂದಿ ಕಾದಂಬರಿ ಓದಿದಂತೆ ಓದಿ, ಊಟಕ್ಕೆ ಕೂತಾಗ ಗೊಣಗುವುದು ಅವರ ಚಾಳಿ. ಒಂದು ದಿನ ಹೆಂಡತಿ ಸೌಟು ಕೆಳಗಿಟ್ಟು, "ನನ್ನ ಹತ್ರ ಹೇಳೋಕೆ ನಾನೇನು ಮಂತ್ರೀನಾ? ಅಷ್ಟು ಹೊಟ್ಟೆ ಉರಿಯೋದಾದ್ರೆ ಎಲೆಕ್ಷನ್‌ಗೆ ನಿಂತ್ಕೊಳ್ಳಿ" ಅಂದರು. ಅಂದದ್ದು ತಮಾಷೆಗೆ. ಇವರು ಮುಂದಿನ ವಾರವೇ ವಿಧಾನಸಭೆಗೆ ಪಕ್ಷೇತರರಾಗಿ ನಾಮಪತ್ರ ಕೊಟ್ಟು ಬಂದರು.

ಆಡಿಟರ ಅಕ್ಕನ ಮನೆ ದಿಬ್ಬದ ಬೀದಿಯಲ್ಲಿ, ಎರಡನೇ ಮಹಡಿ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು. ತಮ್ಮನನ್ನು ಓದಿಸಿದ್ದು ಅದೇ ಮಿಷನ್ನು. ಆ ಬೀದಿಗೆ ನಲ್ಲಿ ಅನ್ನುವುದೇ ಇಲ್ಲ. ದಿನ ಬಿಟ್ಟು ದಿನ ಟ್ಯಾಂಕರ್ ಬರಬೇಕು, ಬಿಂದಿಗೆ ಹೊತ್ತು ಮೂವತ್ತಾರು ಮೆಟ್ಟಿಲು ಹತ್ತಬೇಕು. ಅಕ್ಕನ ಮಂಡಿ ಸವೆದುಹೋಗಿತ್ತು.

ಚುನಾವಣೆ ಬಂದದ್ದೇ ಬೀದಿಯವರು ಹುಷಾರಾದರು. ಇಸ್ತ್ರಿ ಅಂಗಡಿಯವನು ಮುಂದೆ ನಿಂತು ಒಂದು ಕಾಗದ ಟೈಪು ಮಾಡಿಸಿದ: ಗೆದ್ದ ಆರು ತಿಂಗಳೊಳಗೆ ಮನೆಮನೆಗೆ ನಲ್ಲಿ ನೀರು ಕೊಡುತ್ತೇನೆ. ಸೈ ಹಾಕದವನು ಬೀದಿಗೆ ಕಾಲಿಡುವ ಹಾಗಿಲ್ಲ. ಇಬ್ಬರು ಅಭ್ಯರ್ಥಿಗಳು ಓದದೆಯೇ ಗೀಚಿ ಹೋದರು. ಒಬ್ಬನಂತೂ ಕಾರಿನಿಂದ ಇಳಿಯಲೇ ಇಲ್ಲ, ಗಾಜು ಇಳಿಸಿ ಕೈ ಮಾತ್ರ ಹೊರಗೆ ಹಾಕಿದ. ಅಕ್ಕ ಎಲ್ಲರೆದುರು, "ನನ್ನ ತಮ್ಮ ನಾನು ಹಾಕಿದ ಗೆರೆ ದಾಟಲ್ಲ. ಸೈ ನನ್ನ ಜವಾಬ್ದಾರಿ" ಅಂದುಬಿಟ್ಟಳು.

ಆಡಿಟರು ಮಾತ್ರ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, "ನಾಲ್ಕು ದಿನ ಕೊಡಿ" ಅಂದರು. ನೀರಿನ ಆಫೀಸಿಗೆ ಹೋಗಿ ಫೈಲು ತೆಗೆಸಿದರು. ಟ್ಯಾಂಕ್ ಇರುವುದು ತಗ್ಗಿನಲ್ಲಿ, ಬೀದಿ ಇರುವುದು ದಿಬ್ಬದ ಮೇಲೆ. ನೀರು ಏರುವುದಿಲ್ಲ. ಹೊಸ ಟ್ಯಾಂಕೇ ಆಗಬೇಕು. ಅದಕ್ಕೆ ಜಾಗ ಬೇಕು, ಟೆಂಡರು ಬೇಕು. "ಯಾರೂ ತಿನ್ನದೆ ಇದ್ರೆ ಮೂರು ವರ್ಷ ಸಾರ್" ಅಂದ ಇಂಜಿನಿಯರು, ಬಾಗಿಲ ಕಡೆ ಒಮ್ಮೆ ನೋಡಿಕೊಂಡ.

ಆಡಿಟರು ಮೊದಲು ಅಕ್ಕನ ಮನೆಗೆ ಬಂದು ಹೀಗ್ಹೀಗೆ ಅಂತ ಹೇಳಿದರು. ಮಿಷನ್ನು ನಿಂತಿತು.

"ಆರು ತಿಂಗಳು ಅಂತ ಇದ್ರೆ ನಿನ್ನ ಗಂಟೇನೋ ಹೋಗೋದು?"

"ಆಗದ್ದಕ್ಕೆ ಹೇಗಕ್ಕ ಸೈ ಹಾಕ್ಲಿ? ನೋಡಿದೀನಲ್ಲ ಫೈಲು."

"ಫೈಲು!" ಅಕ್ಕ ಸೂಜಿಯಿಂದ ದಾರ ಎಳೆದು ತುಂಡರಿಸಿದಳು. "ಆಡಿಟರ್ ಪರೀಕ್ಷೇಲಿ ಮೂರು ಸಲ ಫೇಲಾದ್ಯಲ್ಲ, ನಾಲ್ಕನೇ ಸಲ ಫೀಸು ಕಟ್ಟೋವಾಗ ನಾನು ಯಾವ ಫೈಲು ನೋಡಿದ್ದೆ?"

ಆಡಿಟರು ಎದ್ದರು. ಚಪ್ಪಲಿ ಮೆಟ್ಟಿಕೊಂಡು ಇಳಿದರು. ಮೂವತ್ತಾರು ಮೆಟ್ಟಿಲು ಇಳಿಯುವಷ್ಟರಲ್ಲಿ ಮೂರು ಸಲ, ಇದ್ದ ಹಾಗೇ ಸೈ ಹಾಕಿಬಿಡೋಣ ಅಂದುಕೊಂಡರು. ಇಸ್ತ್ರಿ ಅಂಗಡಿಯ ಮುಂದೆ ಬೀದಿಯೇ ನೆರೆದಿತ್ತು. ಕಾಗದವನ್ನು ಮೇಜಿನ ಮೇಲೆ ಹರವಿದರು. ಕೈ ತನ್ನ ರೂಢಿ ಬಿಡುತ್ತದೆಯೇ? ಹಸಿರು ಪೆನ್ನು ತೆಗೆದು 'ಆರು ತಿಂಗಳು' ಹೊಡೆದು, ಮೇಲೆ 'ಮೂರು ವರ್ಷ' ಅಂತ ಬರೆದರು. 'ಕೊಡುತ್ತೇನೆ' ಹೊಡೆದು 'ಕೊಡಿಸಲು ಪಟ್ಟು ಹಿಡಿಯುತ್ತೇನೆ' ಅಂತ ಮಾಡಿದರು. ತಿದ್ದಿದ ಎರಡು ಕಡೆಯೂ ಚಿಕ್ಕ ಸೈ, ಕೆಳಗೆ ದೊಡ್ಡ ಸೈ.

ಇಸ್ತ್ರಿಯವನು ಓದಿ ತಲೆ ಕೆರೆದುಕೊಂಡ. "ಸಾರ್, ಓಟು ಕೇಳೋಕೆ ಬಂದ್ರಾ, ನಮ್ಮ ಪೇಪರ್ ವ್ಯಾಲ್ಯುಯೇಷನ್‌ಗೆ ಬಂದ್ರಾ?"

ಬೀದಿ ಬಿದ್ದು ಬಿದ್ದು ನಕ್ಕಿತು. ಆಡಿಟರು ತಲೆ ಎತ್ತಿದರೆ ಎರಡನೇ ಮಹಡಿಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು.

ಗೆದ್ದವನು ಆ ಕಾರಿನವನು. ಆಡಿಟರು ನಾಲ್ಕನೆಯವರು. ದಿಬ್ಬದ ಬೀದಿಯ ಬೂತಿನಲ್ಲಿ ಅವರಿಗೆ ಬಿದ್ದದ್ದು ಮೂವತ್ತೊಂದು ಓಟು. ಸೋತದ್ದು ಅಷ್ಟಾಗಿ ತಟ್ಟಲಿಲ್ಲ. ಆದರೆ ಸೈ ಹಾಕಿದ ದಿನದಿಂದ ಅಕ್ಕ ಫೋನು ಎತ್ತಿರಲಿಲ್ಲ. ತಡೆಯಲಾರದೆ ಒಂದು ಬೆಳಿಗ್ಗೆ ಹೊರಟರು. ಟ್ಯಾಂಕರ್ ಬಂದು ನಿಂತಿತ್ತು, ಅಕ್ಕ ಸಾಲಿನಲ್ಲಿದ್ದಳು. ಅವಳ ಬಿಂದಿಗೆ ಇಸಿದುಕೊಂಡು ಹಿಡಿದರು.

"ನಿಂಗೆ ಓಟು ಹಾಕಿಲ್ಲ ಕಣೋ ನಾನು" ಅಂದಳು ಅಕ್ಕ, ನೀರು ತುಂಬುತ್ತಿದ್ದಾಗ.

ಆಡಿಟರು ಬಿಂದಿಗೆಯಿಂದ ತಲೆ ಎತ್ತಿದರು. "ಕಾರಿನವನಿಗಾ?"

"ಹೂಂ. ಬುರುಡೆ ಅಂತ ನಂಗೂ ಗೊತ್ತಿತ್ತು. ಆರು ತಿಂಗಳು ಅಂದ್ಕೊಂಡು ಮೆಟ್ಟಿಲು ಹತ್ತೋಕೆ ಒಂದು ಆಸೆ ಇತ್ತಲ್ಲ, ನೀನು ಅದಕ್ಕೂ ಪೆನ್ನು ಎಳೆದುಬಿಟ್ಟೆ."

"ನಾನು ಬರೆದದ್ದು ನಿಜ ಅಕ್ಕ."

"ಯಾರು ಇಲ್ಲ ಅಂದ್ರು? ನಡಿ ಮೇಲೆ. ಚೆಲ್ಲಬೇಡ."

ಹೊತ್ತರು. ಮೊದಲ ಮಹಡಿಯ ತಿರುವಿನಲ್ಲಿ ಉಸಿರು ಬಾಯಿಗೆ ಬಂತು. ಇಳಿದು ಇನ್ನೊಂದು, ಮತ್ತೊಂದು. ಆರನೇ ಬಿಂದಿಗೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಇದನ್ನು ಅಕ್ಕ ಎಷ್ಟು ವರ್ಷದಿಂದ ಹೊರುತ್ತಿದ್ದಾಳೆ ಅನ್ನುವುದು ಯಾವ ಫೈಲಿನಲ್ಲೂ ಇರಲಿಲ್ಲ. ಅವರೂ ಕೇಳಿರಲಿಲ್ಲ.

ಮೇಲಿನ ಮೆಟ್ಟಿಲಲ್ಲಿ ಕೂತು, "ಮತ್ತೆ ಯಾವಾಗ ಟ್ಯಾಂಕರ್?" ಅಂದರು.

"ನಾಳಿದ್ದು. ಎಂಟು ಗಂಟೆಗೆ."

ನಾಳಿದ್ದು ಎಂಟಕ್ಕೆ ಯಾರಿಗೆ ಟೈಮು ಕೊಟ್ಟಿದ್ದೇನೋ ನೋಡೋಣ ಅಂತ ಅವರ ಕೈ ಜೇಬಿನ ಡೈರಿಗೆ ಹೋಯಿತು. ಅಲ್ಲೇ ನಿಂತಿತು. ತೆಗೆಯಲಿಲ್ಲ.

"ಬರ್ತೀನಿ ಅಕ್ಕ."

ಅಕ್ಕ ಬಿಂದಿಗೆಯ ಬಾಯಿಗೆ ತಟ್ಟೆ ಮುಚ್ಚಿದಳು. "ನೋಡೋಣ" ಅಂದಳು.