ಹಾಲಿನ ಡೈರಿಯಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ

ಬೆಳಗಿನ ಐದೂಕಾಲು. ಹಾಲಿನ ಡೈರಿಯ ತಗಡಿನ ಬಾಗಿಲು ಅರ್ಧ ತೆರೆದುಕೊಂಡು ಹಟ ಹಿಡಿದು ನಿಲ್ಲುತ್ತದೆ. ಹಾಲು ಪರೀಕ್ಷಿಸುವ ಟೆಸ್ಟರಕ್ಕ ಮೊಣಕಾಲು ಕೊಟ್ಟು ಅದನ್ನು ದೂಡುತ್ತಾರೆ. ದೀಪ ಹಾಕಿ, ತೂಕದ ಯಂತ್ರದ ತಟ್ಟೆ ಒರೆಸಿ, ಹಾಲಿನ ಸ್ಯಾಂಪಲ್ ಹಿಡಿಯುವ ಪುಟ್ಟ ಬಾಟಲಿಗಳನ್ನು ಸಾಲಾಗಿ ಇಡುತ್ತಾರೆ. ಆಮೇಲೆ ಗೋಡೆಯ ಕಪ್ಪು ಹಲಗೆಯ ಸರದಿ. ಹಲಗೆಯ ಮೇಲರ್ಧ ಡೈರಿಯದು. ಹಿಂದಿನ ಸಂಜೆ ಎಷ್ಟು ಲೀಟರ್ ಹಾಲು ಬಂತು, ಫ್ಯಾಟ್ ಎಷ್ಟಿತ್ತು ಎಂಬ ಲೆಕ್ಕ ಅಲ್ಲಿರುತ್ತದೆ. ಕೆಳಗಿನರ್ಧ ಅಕ್ಕನದು. ಅಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ, ಅದರ ಅರ್ಥ, ಕೆಳಗೆ ಒಂದು ವಾಕ್ಯ.

ಇವತ್ತಿನ ಪದ ಸ್ಪಿಲ್. ಅರ್ಥ, ಚೆಲ್ಲು. ವಾಕ್ಯ: 'ಡೋಂಟ್ ಸ್ಪಿಲ್ ಮಿಲ್ಕ್ ಆನ್ ಮೈ ರಿಜಿಸ್ಟರ್.'

ಸಾಲಿನಲ್ಲಿ ಮೊದಲು ಬಂದ ಅಜ್ಜ ಕಣ್ಣು ಕಿರಿದು ಮಾಡಿ ಓದುತ್ತಾನೆ. "ಏನವ್ವಾ, ಇದು ಪಾಠವೋ ಬೈಗುಳವೋ?"

"ಎರಡೂನೂ ಅಜ್ಜ. ಕ್ಯಾನು ನೆಟ್ಟಗೆ ಹಿಡ್ಕೋ."

ದಿನಕ್ಕೆ ತೊಂಬತ್ತನಾಲ್ಕು ಮನೆಯ ಹಾಲು ಇಲ್ಲಿಗೆ ಬರುತ್ತದೆ. ಒಬ್ಬೊಬ್ಬರ ಹಾಲನ್ನೂ ಮೂಸಿ, ಅಳೆದು, ಪರೀಕ್ಷಿಸಿ, ರಿಜಿಸ್ಟರಿಗೆ ಏರಿಸಲು ಅಕ್ಕನಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆದರೆ ಸಾಲಿನಲ್ಲಿ ನಿಂತವರಿಗೆ ಇಪ್ಪತ್ತು ನಿಮಿಷ ಕಾಯುವುದಿರುತ್ತದೆ. ಆ ಇಪ್ಪತ್ತು ನಿಮಿಷವೇ ಅವರ ಶಾಲೆ. ಒಂಬತ್ತು ವರ್ಷಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪದಗಳು ಈ ಹಲಗೆಯನ್ನು ಹತ್ತಿ ಇಳಿದಿವೆ. ಬರೆದ ಪದ ಮತ್ತೆ ಬರಬಾರದೆಂದು ಅಕ್ಕ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಿದ್ದಾರೆ. ಈಗ ನಡೆಯುತ್ತಿರುವುದು ಹನ್ನೊಂದನೆಯದು.

ಅಕ್ಕ ಓದಿದ್ದು ಏಳನೆಯ ಕ್ಲಾಸು. ತಾಯಿ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟುಹೋಯಿತು. ಪುಸ್ತಕ ಮುಟ್ಟದೆ ಮೂವತ್ತು ವರ್ಷ ಹೋಯಿತು. ಮತ್ತೆ ಮುಟ್ಟುವಂತೆ ಮಾಡಿದ್ದು ಮನೆಯ ಒಂದೇ ಒಂದು ಹಸು. "ಅದರ ಕೆಚ್ಚಲಿಗೆ ಗಾಯ ಆಗಿತ್ತು. ಔಷಧಿ ತಂದೆ. ಔಷಧಿ ಅಂದ್ಮೇಲೆ ಕುಡಿಸೋದೇ ಅಂದ್ಕೊಂಡು ಬಿದಿರಿನ ಗೊಟ್ಟದಲ್ಲಿ ಕುಡಿಸಿಬಿಟ್ಟೆ. ಬಾಟಲಿ ಮೇಲೆ ಇಂಗ್ಲಿಷಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು, ಮೇಲೆ ಹಚ್ಚೋದು ಮಾತ್ರ ಅಂತ. ಎರಡನೇ ದಿನ ಹಸು ಕಾಲು ಚಾಚ್ತು. ಆ ಒಂದು ಪದ ಗೊತ್ತಿದ್ದಿದ್ರೆ ಉಳ್ಕೊಳ್ತಿತ್ತು."

ಆ ಪದ ಎಕ್ಸ್‌ಟರ್ನಲ್. ಹಲಗೆಯ ಮೇಲೆ ಅಕ್ಕ ಬರೆದ ಮೊದಲ ಪದವೂ ಅದೇ. ಬೇರೆ ಯಾವ ಮನೆಯ ಹಸುವಿಗೂ ಹಾಗಾಗಬಾರದೆಂದು ಬರೆದರು. ಮರುದಿನ ಒಬ್ಬಳು ಎಕ್ಸ್‌ಪೈರಿ ಅಂದರೇನು ಎಂದಳು. ಅಲ್ಲಿಂದ ನಿಲ್ಲಿಸಲಾಗಲಿಲ್ಲ. ರಟ್ಟು ಕಳಚಿದ ಹಳೆಯ ಡಿಕ್ಷನರಿಯೊಂದು ಗುಜರಿಯವನಲ್ಲಿ ಸಿಕ್ಕಿತು. ಅರ್ಥವನ್ನು ಪುಸ್ತಕದಿಂದ ತೆಗೆದರೂ ವಾಕ್ಯವನ್ನು ಅಲ್ಲಿಂದ ತೆಗೆಯುವುದಿಲ್ಲ. "ಪುಸ್ತಕದ ವಾಕ್ಯದಲ್ಲಿ ರಾಜ ಇರ್ತಾನೆ, ಹಡಗು ಇರುತ್ತೆ. ನಮ್ಮೋರಿಗೆ ಹಡಗು ಯಾಕೆ? ಎಮ್ಮೆ ಇರಬೇಕು, ಬಸ್ಸಿರಬೇಕು, ಅತ್ತೆ ಇರಬೇಕು." ವಾಕ್ಯ ಕಟ್ಟುವಾಗ ಮನೆಯಲ್ಲಿ ಗಂಡನ ಮುಂದೆ ಮೊದಲು ಓದುತ್ತಾರೆ. ಆತ ಸೈಕಲ್ ರಿಪೇರಿಯವರು. "ನನ್ನ ಹೆಸರು ಎತ್ತದಿದ್ರೆ ಸಾಕು, ಏನು ಬೇಕಾದ್ರೂ ಬರ್ಕೋ" ಎನ್ನುತ್ತಾರೆ.

ಆತ ಹಾಗೆನ್ನಲು ಕಾರಣವಿದೆ. ನಾಲ್ಕು ತಿಂಗಳ ಹಿಂದೆ ಹಲಗೆಯ ಮೇಲೆ ಬಂದ ಪದ ಲೇಟ್. ಅರ್ಥ, ತಡ. ಉದಾಹರಣೆ, 'ಲೇಟ್ ಬಸ್'. ಲಾರಿ ಡ್ರೈವರನ ಹೆಂಡತಿ ಆಗ ಹಲಗೆಯ ಅತಿ ಶ್ರದ್ಧೆಯ ಓದುಗಿತ್ತಿ. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಹೋಗುತ್ತಿದ್ದಳು. ಅದೇ ವಾರ ಮಗಳ ಶಾಲೆಯ ಫಾರಂ ಬಂತು. ತಂದೆಯ ಬಗ್ಗೆ ಒಂದು ವಾಕ್ಯ ಬರೆಯಬೇಕಿತ್ತು. ಗಂಡ ಹೇಳಿದ ಹೊತ್ತಿಗೆ ಮನೆಗೆ ಬಂದವನೇ ಅಲ್ಲ. ತಡವಾಗಿ ಬರುವ ಬಸ್ಸು ಲೇಟ್ ಬಸ್ಸಾದರೆ ತಡವಾಗಿ ಬರುವ ಗಂಡ? ಯಾರನ್ನೂ ಕೇಳದೆ, ಹೆಮ್ಮೆಯಿಂದ, ಇಂಗ್ಲಿಷಿನಲ್ಲೇ ಬರೆದಳು: 'ಮೈ ಲೇಟ್ ಹಸ್ಬೆಂಡ್ ಈಸ್ ಎ ಲಾರಿ ಡ್ರೈವರ್.'

ಶಾಲೆಯ ಟೀಚರು ಮಗುವನ್ನು ಬಾಚಿ ತಬ್ಬಿಕೊಂಡರು. ಇಡೀ ಕ್ಲಾಸನ್ನು ಎದ್ದು ನಿಲ್ಲಿಸಿ ಒಂದು ನಿಮಿಷ ಮೌನ ಮಾಡಿಸಿದರು. ಮಗು ಬಿಕ್ಕುತ್ತಾ ಮನೆಗೆ ಓಡಿಬಂದರೆ ಅಪ್ಪ ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದ.

ಮರುದಿನ ಆತ ಡೈರಿಗೇ ಬಂದ. "ಏನಕ್ಕಾ, ಲಾರಿ ಕೈಲಿ ಆಗದ ಕೆಲಸಾನ ನೀನು ಸೀಮೆಸುಣ್ಣದಲ್ಲಿ ಮಾಡ್ಬಿಟ್ಟೆಯಲ್ಲ!" ಎಂದು ನಕ್ಕು ಹೋದ. ಅವನಿಗೇನೋ ಅದು ನಗು. ಸಾಲಿನಲ್ಲಿ ನಿಂತವರು ಆತನ ಹೆಂಡತಿಯನ್ನು ಬಿಡಲಿಲ್ಲ. 'ಸತ್ತೋನಿಗೆ ಊಟಕ್ಕಿಟ್ಟೆಯಾ?' ಎಂದು ಕೇಳಿದವರು ಒಬ್ಬಿಬ್ಬರಲ್ಲ. ಆಕೆ ಅಂದಿನಿಂದ ಹಲಗೆಯ ಕಡೆ ಕಣ್ಣೆತ್ತಲಿಲ್ಲ. ಹಾಲು ಸುರಿದು, ಚೀಟಿ ಇಸಿದುಕೊಂಡು, ಮುಖ ಬಾಗಿಲಿನ ಕಡೆಗೇ ಇಟ್ಟುಕೊಂಡು ಹೋಗುತ್ತಿದ್ದಳು.

"ಎಲ್ಲರೂ ಓದ್ತಾರೆ, ಖುಷಿ. ಅವಳು ಓದಲ್ಲ ಅನ್ನೋದು ಮಾತ್ರ ಗಂಟಲಲ್ಲಿ ಮುಳ್ಳಿದ್ದ ಹಾಗೆ" ಎನ್ನುತ್ತಾರೆ ಅಕ್ಕ. "ತಪ್ಪು ಅವಳದಲ್ಲ. ಡಿಕ್ಷನರೀಲಿ ಒಂದನೇ ನಂಬರಿನ ಅರ್ಥ ಓದಿ ಪುಸ್ತಕ ಮುಚ್ಚಿದೋಳು ನಾನು. ಈಗ ಕೊನೇ ನಂಬರಿನವರೆಗೂ ಓದ್ತೀನಿ." ಎರಡು ಸಲ ಆಕೆಯ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿಯೂ ಬಂದರು. ಆಕೆ ನೀರು ಕೊಟ್ಟಳು, ಕೂರಿಸಿದಳು, ಮಾತು ಮಾತ್ರ ಹಸುಕರುಗಳ ಮೇಲೆಯೇ ಓಡಿಸಿದಳು.

ಸ್ಪಿಲ್ ಬರೆದು ಮೂರು ದಿನದ ಮೇಲೆ ಹಲಗೆಗೆ ಬಂದ ಪದ ಹಿಯರ್. ಅರ್ಥ, ಕೇಳು. ವಾಕ್ಯ: 'ದ ಡಾಕ್ಟರ್ ಹಿಯರ್ಸ್ ಮೈ ಕೌಸ್ ಏಜ್.' ಕೆಳಗೆ ಕನ್ನಡದಲ್ಲಿ, ಡಾಕ್ಟರು ನನ್ನ ಹಸುವಿನ ವಯಸ್ಸು ಕೇಳುತ್ತಾರೆ. ಸಾಲು ಗಟ್ಟಿಯಾಗಿ ಓದಿ ತಲೆಯಾಡಿಸಿತು. ಡ್ರೈವರನ ಹೆಂಡತಿ ಹಾಲು ಸುರಿದಳು. ಚೀಟಿ ಇಸಿದುಕೊಂಡು ಬಾಗಿಲವರೆಗೂ ಹೋದವಳು ನಿಂತಳು. ತಿರುಗಿದಳು. ಖಾಲಿ ಕ್ಯಾನು ಕೆಳಗಿಟ್ಟಳು.

"ಅಕ್ಕಾ, ಹಸು ಏನು ತನ್ನ ವಯಸ್ಸು ಕೂಗಿ ಹೇಳುತ್ತಾ?"

"ಯಾಕೆ?"

"ಕಿವೀಲಿ ಕೇಳೋದು ಹಿಯರ್. ಬಾಯಲ್ಲಿ ಕೇಳೋದು ಆಸ್ಕ್. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು, ಅವರಲ್ಲಿ ಬೇರೆ ಬೇರೆ. ಅವತ್ತು ನಾನು ಯಾರನ್ನಾದ್ರೂ ಆಸ್ಕ್ ಮಾಡಿದ್ದಿದ್ರೆ ಊರಿನ ಬಾಯಿಂದ ಅಷ್ಟೆಲ್ಲ ಹಿಯರ್ ಮಾಡ್ಬೇಕಿರಲಿಲ್ಲ."

ಸಾಲು ಗೊಳ್ಳೆಂದಿತು. ಈ ಸಲ ಆಕೆಯೂ ನಕ್ಕಳು. ಅಕ್ಕ ಸೀಮೆಸುಣ್ಣ ಚಾಚಿದರು. ಆಕೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒಂದು ಪದ ಹೊಡೆದುಹಾಕಿ, ಅದರ ಮೇಲೆ ದುಂಡಗೆ 'ಆಸ್ಕ್ಸ್' ಎಂದು ಬರೆದಳು.

"ಬೇಕಂತಲೇ ತಪ್ಪು ಬರೆದೆ ತಾನೇ?" ಎಂದು ಅಜ್ಜ ಅಕ್ಕನನ್ನು ಛೇಡಿಸುತ್ತಾನೆ.

"ಬೇಕಂತಲೇ ತಪ್ಪು ಬರೆಯೋಷ್ಟು ಇಂಗ್ಲಿಷ್ ನನಗೆಲ್ಲಿ ಬರುತ್ತೆ ಅಜ್ಜ?" ಅಕ್ಕ ಮುಂದಿನವರ ಹಾಲಿಗೆ ಬಾಟಲಿ ಒಡ್ಡುತ್ತಾ ಹೇಳುತ್ತಾರೆ. "ಒಂಬತ್ತು ವರ್ಷದಿಂದ ನಾನು ಬರೆದಿದ್ದನ್ನೆಲ್ಲ ಇವರು ಒಪ್ಕೊಂಡು ಹೋಗ್ತಿದ್ರು. ಅದೇ ನನಗೆ ಹೆದರಿಕೆ. ಇವತ್ತು ತಿದ್ದೋಳು ಒಬ್ಬಳು ಹುಟ್ಟಿದ್ಲು. ಇನ್ನು ಧೈರ್ಯವಾಗಿ ಬರೀತೀನಿ."