ಅವಳು ಸಿಗ್ನಲ್ ಹಾಕಿದ್ದಳು

ಊಟಕ್ಕೆ ಕುಳಿತಿದ್ದ ಅಣ್ಣನ ತಟ್ಟೆಗೆ ಕೆಂಡಕ್ಕ ಬೈಕಿನ ಬ್ಯಾಟರಿಯನ್ನೇ ಎತ್ತಿ ಹಾಕಿದಳು ಎಂಬ ಸುದ್ದಿ ನಮ್ಮ ರಸ್ತೆಯಲ್ಲಿ ಇಂದಿಗೂ ಓಡಾಡುತ್ತಿದೆ. ಹೇಳುವವರ ಬಾಯಲ್ಲಿ ಅದು ಬೆಳೆಯುತ್ತಲೇ ಬಂದಿದೆ: ತಟ್ಟೆ ಒಡೆಯಿತಂತೆ, ಆಸಿಡ್ ಚೆಲ್ಲಿತಂತೆ, ಅಣ್ಣನ ಅಂಗಿ ಸುಟ್ಟು ತೂತಾಯಿತಂತೆ. ಇದ್ಯಾವುದೂ ನಡೆದಿಲ್ಲ. ಬ್ಯಾಟರಿಯನ್ನು ತಂದದ್ದು ನಿಜ. ಆದರೆ ಅವಳು ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಅಣ್ಣನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅದನ್ನು ನಿಧಾನವಾಗಿ ಇಳಿಸಿದಳು. ಎಸೆದಿದ್ದರೆ ಸಿಟ್ಟು ಅಲ್ಲಿಗೇ ತೀರುತ್ತಿತ್ತೇನೋ.

ಕೆಂಡಕ್ಕ ಎಂಬುದು ಗಿರಾಕಿಗಳು ಇಟ್ಟ ಹೆಸರು. ಬೈಕ್ ರಿಪೇರಿಯ ಶೆಡ್ಡು ಅವಳ ಅಣ್ಣನದು. ಎಂಜಿನ್ನು, ಚಕ್ರ, ಬ್ರೇಕು ಅವನ ಪಾಲಿಗೆ. ವೈರಿಂಗು, ದೀಪ, ಹಾರನ್ನು ಇವಳ ಪಾಲಿಗೆ. ಗಂಡನನ್ನು ಬಿಟ್ಟು ಕೈಮಗುವಿನೊಂದಿಗೆ ಬಂದ ತಂಗಿಗೆ ಅಣ್ಣ ಶೆಡ್ಡಿನ ಹಿಂದಿನ ಕೋಣೆಯನ್ನೂ ಕೈಗೊಂದು ಟೆಸ್ಟರನ್ನೂ ಕೊಟ್ಟಿದ್ದ. ಆ ಉಪಕಾರವನ್ನು ಅವನು ಎತ್ತಿ ಆಡಿದವನಲ್ಲ. ಆಡುವ ಪ್ರಮೇಯವೇ ಬಾರದಂತೆ ಅವಳು ದುಡಿದಿದ್ದಳು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. ಬರಿಗೈಯಲ್ಲಿ ವೈರು ತಿರುಚಿ ಟೇಪು ಸುತ್ತಿದವರ ಮೇಲೆ, ನಿಂತ ಕಾಲಲ್ಲೇ ಆಗಬೇಕು ಎನ್ನುವವರ ಮೇಲೆ, ದರ ಕೇಳಿ ಮುಖ ತಿರುಗಿಸುವವರ ಮೇಲೆ ಅವಳು ಸಿಡಿಯುತ್ತಿದ್ದಳು. ಅಣ್ಣನ ಮೇಲೆ ಮಾತ್ರ ಎಂದೂ ಇಲ್ಲ.

ಕೆಂಡಕ್ಕನ ಮಗಳೀಗ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿಯ ಕೆಲಸಗಾರ್ತಿ. ರಸ್ತೆಬದಿಯ ಹುಲ್ಲು ಹಿಮ ಹಿಡಿದು ಬೆಳ್ಳಗಾಗಿದ್ದ ಒಂದು ಮುಂಜಾನೆ ಅವಳು ಬೈಕಿನಲ್ಲಿ ಬಲಕ್ಕೆ ತಿರುಗುವಾಗ ಹಿಂದಿನಿಂದ ಹಾಲಿನ ವ್ಯಾನು ಬಂದು ಗುದ್ದಿತು. ಮಣಿಕಟ್ಟು ಉಳುಕಿತು, ಮೊಣಕಾಲು ತರಚಿತು. ಹುಡುಗಿ ಸಿಗ್ನಲ್ಲನ್ನೇ ಹಾಕಲಿಲ್ಲ ಎಂದ ಚಾಲಕ. ಹಾಕಿದ್ದೆ ಎಂದಳು ಹುಡುಗಿ.

ಮಧ್ಯಾಹ್ನ ಅಣ್ಣ ಆ ಬೈಕನ್ನು ಶೆಡ್ಡಿನೊಳಗೆ ತಳ್ಳಿಕೊಂಡು ಬಂದು, ಚಳಿಗೆಂದು ಉರಿಸಿದ್ದ ಒಲೆಯ ಪಕ್ಕ ನಿಲ್ಲಿಸಿ, ಸ್ವಿಚ್ಚು ಒತ್ತಿ ನೋಡಿದ. ಎಡಕ್ಕೂ ಬಲಕ್ಕೂ ದೀಪಗಳು ಚೊಕ್ಕವಾಗಿ ಮಿನುಗಿದವು.

“ನೋಡಮ್ಮ, ಗಡಿಯಾರದ ಹಾಗೆ ಟಿಕ್ ಟಿಕ್ ಅಂತಿದೆ. ಏನಾಗಿದೆ ಇದಕ್ಕೆ?”

“ಮಾವ, ನಾನು ಹಾಕಿದ್ದೆ.”

“ಹಾಕಿದ್ರೆ ಮೀಟರಲ್ಲಿ ಹಸಿರು ದೀಪ ಮಿನುಗಬೇಕಲ್ಲ. ಮಿನುಗ್ತಾ?”

“ಆ ದೀಪ ಸತ್ತು ಎಷ್ಟು ಕಾಲ ಆಯ್ತು! ಅಮ್ಮ ಬಿಚ್ಚೋಕೆ ಕೂತಾಗೆಲ್ಲ ಗಿರಾಕಿ ಗಾಡಿ ಮೊದಲು ಅಂತ ಎಬ್ಬಿಸಿದ್ದು ಯಾರು?”

ಅಣ್ಣ ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಗಳತ್ತ ತಿರುಗಿ ನಕ್ಕ. “ನಮ್ಮ ಹುಡುಗಿಗೆ ಉಣ್ಣೋ ಕೈ ಯಾವುದು ಅಂತ ಚೆನ್ನಾಗಿ ಗೊತ್ತು. ತಿರುಗೋ ಕೈ ಯಾವುದು ಅಂತ ಮಾತ್ರ ಗೊತ್ತಿಲ್ಲ!” ಬೆಂಚಿಗೆ ಬೆಂಚೇ ನಕ್ಕಿತು. ಅವನು ಕೀಯನ್ನು ಜೇಬಿಗಿಳಿಸಿ, ಇನ್ನು ಮುಂದೆ ಅವಳು ಗಾಡಿ ಮುಟ್ಟಕೂಡದು ಎಂದ. ಬೆಳಗಿನ ಪಾಳಿಯ ಹೊತ್ತಿಗೆ ಬಸ್ಸಿಲ್ಲ. ಆಸ್ಪತ್ರೆ ಊರಿನ ಇನ್ನೊಂದು ತುದಿಗೆ. ಕೀ ಹೋದರೆ ಕೆಲಸವೂ ಹೋದಂತೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅಲ್ಲೇ ಇದ್ದು ಎಲ್ಲವನ್ನೂ ಕೇಳಿಸಿಕೊಂಡಿದ್ದ ಕೆಂಡಕ್ಕ ಶೆಡ್ಡು ಖಾಲಿಯಾದ ಮೇಲೆ ಹ್ಯಾಂಡಲ್ಲಿನ ಎಡಗಡೆಯ ಸಿಗ್ನಲ್ ಸ್ವಿಚ್ಚನ್ನು ಕಳಚಿ ತೆರೆದಳು. ಒಳಗೆ ಹಳದಿ ಗ್ರೀಸು ತುಂಬಿ ತುಳುಕುತ್ತಿತ್ತು. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸು. ಗಾಡಿ ತೊಳೆದ ಮೇಲೆ ನೀರು ಇಳಿಯದಿರಲೆಂದು ಸ್ವಿಚ್ಚಿನೊಳಗೆ ಅದನ್ನು ಬೆರಳಿನಿಂದ ತುಂಬುವುದು ಆ ಶೆಡ್ಡಿನ ರೂಢಿ. ಇದು ಇಲ್ಲಿಗಲ್ಲ ಅಣ್ಣ ಎಂದು ಅವಳು ಅಂದಾಗಲೆಲ್ಲ, ಅಪ್ಪನ ಕಾಲದಿಂದ ಹಾಕುತ್ತಿದ್ದೇವೆ ಎಂಬ ಉತ್ತರ ಬರುತ್ತಿತ್ತು. ಚಳಿ ಏರಿದಾಗ ಈ ಗ್ರೀಸು ಮೇಣದಂತೆ ಗಟ್ಟಿಯಾಗುತ್ತದೆ. ಒತ್ತಿದ ತಾಮ್ರದ ತುಂಡು ಅದರ ಮೇಲೆ ಜಾರಿ ನಿಲ್ಲುತ್ತದೆಯೇ ಹೊರತು ಎದುರಿನ ತುಂಡನ್ನು ಮುಟ್ಟುವುದಿಲ್ಲ. ಒಲೆಯ ಪಕ್ಕದಲ್ಲಿ ಅದೇ ಗ್ರೀಸು ಕರಗಿ ಸಜ್ಜನನಂತೆ ದಾರಿ ಬಿಡುತ್ತದೆ.

ಮರುದಿನ ಬೆಳಿಗ್ಗೆ ಅವಳು ಆ ಸ್ವಿಚ್ಚನ್ನು ಹಾಗೆಯೇ ಮುಚ್ಚಿ, ಚೀಲದಲ್ಲಿ ಸುತ್ತಿ, ಅಣ್ಣನ ಮನೆಯ ಫ್ರಿಜ್ಜಿನಲ್ಲಿ ಐಸ್ ಕಟ್ಟುವ ಗೂಡಿನೊಳಗೆ ಇಟ್ಟಳು.

“ಅಯ್ಯೋ, ಬಟಾಣಿ ಪಕ್ಕ ಇದೇನೇ ಇಟ್ಟಿದೀಯ?” ಎಂದಳು ಅತ್ತಿಗೆ.

“ನಿಮ್ಮ ಯಜಮಾನರಿಗೆ ಅತ್ತಿಗೆ. ಊಟಕ್ಕೆ ಬರೋವರೆಗೂ ಇರಲಿ.”

ಅಣ್ಣ ಮೊದಲ ತುತ್ತು ಎತ್ತುವ ಮೊದಲೇ ಬ್ಯಾಟರಿ ಬಂತು, ಬಲ್ಬು ಬಂತು, ತಣ್ಣಗೆ ಕೊರೆಯುವ ಸ್ವಿಚ್ಚು ಬಂತು. ಮೂರನ್ನೂ ವೈರಿನಿಂದ ಸೇರಿಸಿ ಅವಳು ಅವನ ಮುಂದೆ ಹಿಡಿದಳು.

“ಒತ್ತು.”

“ಊಟದ ಹೊತ್ತಲ್ಲಿ ಏನೇ ಇದು ನಿನ್ನ ಕೋಡಂಗಿಯಾಟ?”

“ಒತ್ತು ಅಣ್ಣ.”

ಒತ್ತಿದ. ಬಲ್ಬು ಉರಿಯಲಿಲ್ಲ. ಇನ್ನೊಂದು ಬದಿಗೆ ಒತ್ತಿದ. ಇಲ್ಲ.

“ವೈರು ಬಿಟ್ಟಿರ್ಬೇಕು.”

ಅವಳು ಸ್ವಿಚ್ಚನ್ನು ಬಿಟ್ಟು ವೈರುಗಳನ್ನು ನೇರವಾಗಿ ಮುಟ್ಟಿಸಿದಳು; ಬಲ್ಬು ಹೊತ್ತಿತು. ಆಮೇಲೆ ಸ್ವಿಚ್ಚನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಬಾಯುಸಿರು ಊದುತ್ತ ಕುಳಿತಳು. ಯಾರೂ ಉಣ್ಣಲಿಲ್ಲ. ಅತ್ತಿಗೆ ಸೌಟು ಹಿಡಿದು ನಿಂತೇ ಇದ್ದಳು. ಮತ್ತೆ ಒತ್ತಿದಾಗ ಬಲ್ಬು ಒಮ್ಮೆ ತಡವರಿಸಿ, ಆಮೇಲೆ ಪೂರ್ತಿ ಬೆಳಗಿತು.

ಅಣ್ಣ ಜೇಬಿನಿಂದ ಕೀ ತೆಗೆದು ಮೇಜಿನ ಮೇಲೆ ಹಾಕಿದ. “ಸರಿ ಬಿಡು. ಒರೆಸಿ ಹಾಕು. ಓಡಿಸ್ಕೊಳ್ಳಲಿ.”

“ಗ್ರೀಸು ನಾನು ಒರೆಸ್ತೀನಿ. ಅಷ್ಟು ಜನರ ಮುಂದೆ ನೀನು ಆಡಿದ್ದನ್ನ ಯಾರು ಒರೆಸ್ತಾರೆ?”

“ತಮಾಷೆಗೆ ಅಂದೆ ಕಣೇ.”

“ತಮಾಷೆನಾ? ವ್ಯಾನು ಒಂದು ಗೇಣು ಈಚೆ ಬಂದಿದ್ರೆ ಇಷ್ಟೊತ್ತಿಗೆ ಯಾರ ಮುಂದೆ ತಮಾಷೆ ಮಾಡ್ತಿದ್ದೆ? ಅದೇ ಬೆಂಚಿನ ಮುಂದೆ ನಿಂತು ಹೇಳು, ಹುಡುಗಿ ಸಿಗ್ನಲ್ ಹಾಕಿದ್ಲು, ಗ್ರೀಸು ತುಂಬಿದ್ದು ನಾನು ಅಂತ.”

“ಗಿರಾಕಿ ಮುಂದೆ ಯಾರಾದ್ರೂ ಹಾಗೆ ಹೇಳ್ಕೋತಾರಾ? ಆಮೇಲೆ ಶೆಡ್ಡಿಗೆ ಯಾರು ಬರ್ತಾರೆ?”

“ಅವರ ಗಾಡಿಗೂ ಅದನ್ನೇ ತುಂಬಿದೀಯಲ್ಲ ಅಣ್ಣ!”

ಅವನು ತಟ್ಟೆಯನ್ನು ಎಳೆದುಕೊಂಡು, ತಲೆ ತಗ್ಗಿಸಿ, ಆರಿದ ಊಟವನ್ನು ಉಣ್ಣತೊಡಗಿದ. ಕೆಂಡಕ್ಕ ಕೀಯನ್ನು ತೆಗೆದುಕೊಂಡು ಎದ್ದಳು.

ಅಂದಿನಿಂದ ಶೆಡ್ಡಿಗೆ ಬರುವ ಪ್ರತಿಯೊಂದು ಬೈಕಿನ ಸ್ವಿಚ್ಚನ್ನೂ ಅವಳು ಕೇಳದೆಯೇ ಬಿಚ್ಚಿ ಒರೆಸುತ್ತಾಳೆ. ಏಕೆಂದು ಕೇಳಿದವರಿಗೂ ಕೇಳದವರಿಗೂ, ಒಳಗೆ ಕುಳಿತ ಅಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ ಕಾರಣ ಹೇಳುತ್ತಾಳೆ. ಕೆಲವು ಗಿರಾಕಿಗಳು ಬೇರೆ ಕಡೆ ಹೋದರು, ಹೆಚ್ಚಿನವರು ಬರುತ್ತಿದ್ದಾರೆ. ಅಣ್ಣ ಸ್ವಿಚ್ಚುಗಳಿಗೆ ಗ್ರೀಸು ತುಂಬುವುದನ್ನು ನಿಲ್ಲಿಸಿದ್ದಾನೆ. ಹುಡುಗಿ ಬೈಕಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಕೆಂಡಕ್ಕ ಅಣ್ಣನ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ಹೇಳಬೇಕಾದ ಆ ಮಾತನ್ನು ಅವನು ಬೆಂಚಿನ ಮುಂದೆ ಇನ್ನೂ ಹೇಳಿಲ್ಲ.